ಹಳೆ ಡೆಸ್ಕ್‌ಟಾಪ್‌ಗೆ ಹೊಸ ಓಎಸ್ ಹಾಕಿದರೆ ಅಪ್ಪನ ನುಡಿ ಫೈಲುಗಳು ಏನಾಗುತ್ತವೆ?

ಕಾಪು ಕಡಲು:
ಅಪ್ಪನ ಕಂಪ್ಯೂಟರ್ ವಿಷಯದಲ್ಲಿ ಸಲಹೆ ಬೇಕಿತ್ತು. 2013ರಲ್ಲಿ ಉಡುಪಿಯಲ್ಲಿ ಜೋಡಿಸಿ ತಂದದ್ದು. ಐ3-3220 ಪ್ರೊಸೆಸರ್, ಎಚ್61 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಈಗ ವಿಂಡೋಸ್ 10 ಓಎಸ್ ಇದೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಈ ಪಿಸಿಗೆ ಆಗುವುದಿಲ್ಲ ಅಂತ ಬರುತ್ತದೆ. ಅಪ್ಪ ನಿವೃತ್ತ ಮೇಷ್ಟ್ರು. ಹಳೇ ಪುಸ್ತಕಗಳಲ್ಲಿ ಕೈಬರಹದಲ್ಲಿರುವ ಯಕ್ಷಗಾನ ಪ್ರಸಂಗಗಳನ್ನು ದಿನಾ ಬೆಳಿಗ್ಗೆ ಕೂತು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ, ಹದಿಮೂರು ಪ್ರಸಂಗ ಆಗಿದೆ. ಹೊಸ ಕಂಪ್ಯೂಟರ್ ಕೊಡಿಸುತ್ತೇನೆ ಅಂದರೆ "ಇದಕ್ಕೆ ಎಂತ ಆಗಿದೆ?" ಅಂತಾರೆ. ಆನ್ ಆಗಲಿಕ್ಕೇ ನಾಲ್ಕು ನಿಮಿಷ ಬೇಕು. ಎಂತ ಮಾಡುವುದು?

ಬೈಕಂಪಾಡಿ ರಿಪೇರಿ:
11 ಹಾಕಿ, ಆಗುತ್ತದೆ. ನಾನು ಇಂಥ ತುಂಬ ಮೆಷಿನ್‌ಗೆ ಹಾಕಿದ್ದೇನೆ. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಎಂಟನೇ ತಲೆಮಾರಿನದ್ದಲ್ಲ, ಅದಕ್ಕೇ ಬೇಡ ಅನ್ನುವುದು. ರೂಫಸ್ ಅನ್ನುವ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಮಾಡುವಾಗ ಆ ತಪಾಸಣೆ ತೆಗೆಯಲಿಕ್ಕೆ ಒಂದು ಟಿಕ್ ಉಂಟು. ಕೋರ್ 2 ಡ್ಯುಯೋ ಆಗಿದ್ದರೆ ಕಷ್ಟ, 11ರ 24ಎಚ್2 ಆವೃತ್ತಿ ಬಂದ ಮೇಲೆ ಎಸ್‌ಎಸ್‌ಇ 4.2 ಅನ್ನುವ ಆದೇಶಗಳ ಗುಂಪು ಇಲ್ಲದ ಪ್ರೊಸೆಸರ್‌ನಲ್ಲಿ ಅದು ಬೂಟೇ ಆಗುವುದಿಲ್ಲ. ನಿಮ್ಮ ಐ3ಯಲ್ಲಿ ಅದು ಇದೆ. ಅಪ್ಪನಿಗೆ ಅದೇ ನುಡಿ, ಅದೇ ವರ್ಡ್, ಹೊಸತು ಏನೂ ಕಲಿಯುವುದು ಬೇಡ ಅಲ್ವಾ.

ಮಣಿಪಾಲ ಗುಡ್ಡ:
ಟಿಕ್ ಹಾಕಿ ಇನ್‌ಸ್ಟಾಲ್ ಮಾಡುವುದು ಸುಲಭ, ಆಮೇಲಿನದ್ದು ಹೇಳಿ. ಅರ್ಹತೆ ಇಲ್ಲದ ಮೆಷಿನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಪೆನ್‌ಡ್ರೈವ್ ಮಾಡಿ ಕೈಯಿಂದಲೇ ಹಾಕಬೇಕು. ಹೋಮ್ ಆವೃತ್ತಿ ಒಂದೊಂದಕ್ಕೂ ಎರಡೇ ವರ್ಷ ಆಯುಷ್ಯ. ಕಾಪುವಿನಲ್ಲಿ ಕೂತ ಮೇಷ್ಟ್ರಿಗೆ ಇದನ್ನು ಯಾರು ಮಾಡಿಕೊಡುತ್ತಾರೆ? ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ಓಎಸ್ ಹಾಕಿ, ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವುದು. 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಟಿಪಿಎಂ ಕೇಳುವುದಿಲ್ಲ, ಪಿಸಿಯನ್ನು ಎಬ್ಬಿಸುವ ಬಯೋಸ್ ತಂತ್ರಾಂಶ ಹಳೆಯದಿದ್ದರೂ ನಡೆಯುತ್ತದೆ.

ಬೈಕಂಪಾಡಿ ರಿಪೇರಿ:
ಲಿನಕ್ಸ್‌ನಲ್ಲಿ ನುಡಿ ಎಲ್ಲಿದೆ ಮಾರಾಯ್ರೆ? ನೀವು ಕಾಲೇಜಿನವರು, ಏನು ಬೇಕಾದರೂ ಮಾಡುತ್ತೀರಿ. ಎಪ್ಪತ್ತು ದಾಟಿದವರಿಗೆ ಹೇಳುವಾಗ ಸ್ವಲ್ಪ ನೋಡಿ ಹೇಳಿ.

ಸುರತ್ಕಲ್ ಅಕ್ಕ:
ಇಬ್ಬರೂ ಓಎಸ್ ಹಿಡಿದು ಜಗಳ ಮಾಡುತ್ತಿದ್ದೀರಿ. ಮೊದಲು ಫೈಲ್ ಕಾಪಿ ತೆಗೆಯಿರಿ. ನನ್ನ ಗಂಡನ ಕಂಪ್ಯೂಟರ್ ಒಂದು ಅಂಗಡಿಗೆ ಕೊಟ್ಟಿದ್ದೆವು, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ಅಂತ ಎರಡು ಸಲ ಹೇಳಿದ್ದೆ. ಸಂಜೆ ತಂದು ನೋಡಿದರೆ ಡಿಸ್ಕ್ ಪೂರ್ತಿ ಒಂದೇ ಡ್ರೈವ್ ಆಗಿದೆ. ಮಗಳ ಬಾಲ್ಯದ ಫೋಟೋ ಎಲ್ಲ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹದಿಮೂರು ಪ್ರಸಂಗ ಅಂದರೆ ಎಷ್ಟು ವರ್ಷದ ಕೆಲಸ! ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಆಮೇಲೆ ಉಳಿದ ಮಾತು. ಅವಸರ ಇಲ್ಲದಿದ್ದರೆ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಂದಾಯಿಸಬೇಕು.

ಕಾಪು ಕಡಲು:
ಅಕ್ಕಾ, ಅದು ಹೊಳೆದೇ ಇರಲಿಲ್ಲ. ಇವತ್ತೇ ತೆಗೆಯುತ್ತೇನೆ. ಇನ್ನೊಂದು ವಿಷಯ, ದಿನಾ ಆನ್ ಮಾಡುವಾಗ ಗಡಿಯಾರ ಹಿಂದೆ ಹೋಗಿರುತ್ತದೆ, ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುವುದಿಲ್ಲ. ಅಪ್ಪ ತಾರೀಕು ಸರಿ ಮಾಡಿ ಆಮೇಲೆ ಕೂರುತ್ತಾರೆ. ಇದೂ ವಿಂಡೋಸ್ ಹಳೆಯದಾದ ಕಾರಣಕ್ಕಾ?

ಕಾರ್ಕಳ ಮಳೆ:
ಅಲ್ಲ ಅಲ್ಲ. ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಹಾಗೆ ಒಂದು ಸೆಲ್ ಇರುತ್ತದೆ, ಸಿಆರ್2032, ಅದು ಸತ್ತಿದೆ. ತಾರೀಕು ಹಿಂದೆ ಹೋದರೆ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ತಾಳೆ ಆಗುವುದಿಲ್ಲ, ಅದಕ್ಕೇ ಪುಟ ತೆರೆಯುವುದಿಲ್ಲ. ಯಾವ ಓಎಸ್ ಹಾಕಿದರೂ ಇದು ಹೀಗೇ ಇರುತ್ತದೆ. ಸೆಲ್ ಬದಲಿಸಿ.

ಬಾಕ್ಸ್ ತೆರೆದಾಗ ರ‍್ಯಾಮ್ ಕೂಡ ಕಳಚಿ ನೋಡಿ. ನಮ್ಮ ಕರಾವಳಿಯ ಗಾಳಿಗೆ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕು ಕೂರುತ್ತದೆ, ನಿಮ್ಮದು ಕಾಪು ಬೇರೆ, ಉಪ್ಪಿನ ಗಾಳಿ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ ಹಾಕಿ. ಮಳೆಗಾಲದಲ್ಲಿ ನನ್ನದು ಬೀಪ್ ಬೀಪ್ ಅಂತ ನಿಂತುಬಿಟ್ಟಿತ್ತು, ಬೋರ್ಡೇ ಹೋಗಿದೆ ಅಂದಿದ್ದರು. ರಬ್ಬರ್ ಹಾಕಿ ಉಜ್ಜಿದ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ.

ನಾಲ್ಕು ನಿಮಿಷ ತೆಗೆದುಕೊಳ್ಳುವುದು ಹಾರ್ಡ್ ಡಿಸ್ಕಿನಿಂದ. ತಿರುಗುವ ತಟ್ಟೆ, ಮುಳ್ಳು ಅತ್ತಿಂದಿತ್ತ ಓಡಬೇಕು. ಅದರ ಬದಲು ತಿರುಗುವ ಭಾಗ ಇಲ್ಲದ ಸಾಟಾ ಎಸ್‌ಎಸ್‌ಡಿ ಒಂದು ಹಾಕಿ, ಚಿಕ್ಕದು ಸಾಕು. ಎಚ್61ರಲ್ಲಿ ಸಾಟಾ 2 ಅನ್ನುವ ಹಳೇ ಜೋಡಣೆ ಮಾತ್ರ, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ, ಆದರೂ ಹಳೇ ಡಿಸ್ಕಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಬೈಕಂಪಾಡಿ ರಿಪೇರಿ:
ಎಸ್‌ಎಸ್‌ಡಿ ಮಾತಿಗೆ ನನ್ನದೂ ಒಪ್ಪಿಗೆ. ಅದಿಲ್ಲದೆ 11 ಹಾಕಿದರೆ ಪ್ರಯೋಜನ ಇಲ್ಲ, 4 ಜಿಬಿಯಲ್ಲಿ ಒದ್ದಾಡುತ್ತದೆ. ಅದನ್ನು ಮೊದಲೇ ಹೇಳಬೇಕಿತ್ತು ನಾನು. ಆದರೆ ನುಡಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮಣಿಪಾಲ ಗುಡ್ಡ:
ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನುಡಿಯಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ, ಟೈಪ್ ಮಾಡುವ ಕೀಲಿಮಣೆ ಒಂದು, ಫೈಲಿನ ಒಳಗೆ ಅಕ್ಷರ ಉಳಿಯುವ ರೀತಿ ಇನ್ನೊಂದು. ಕೀಲಿಮಣೆ ಕಗಪ ವಿನ್ಯಾಸ. ಅದರ ಮೂಲ ಕೆ.ಪಿ. ರಾವ್ ಅವರದ್ದು, ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ, ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಆರಿಸಿದರೆ ಆಯಿತು. ಒತ್ತಕ್ಷರಕ್ಕೆ ಎಫ್ ಕೀಲಿ, ಅಲ್ಲೂ ಎಫ್, ಇಲ್ಲೂ ಎಫ್. ಕೆ, ಎಫ್, ಕೆ ಒತ್ತಿದರೆ ಕ್ಕ. ಅಪ್ಪನ ಬೆರಳು ಹೊಸತು ಕಲಿಯಬೇಕಿಲ್ಲ.

ಇನ್ನು ಫೈಲು. ಹಳೇ ನುಡಿ ಫೈಲ್ ಆಸ್ಕಿ ಅನ್ನುವ ಹಳೇ ಪದ್ಧತಿಯಲ್ಲಿದ್ದರೆ ಒಳಗೆ ಇರುವುದು ಕನ್ನಡ ಅಕ್ಷರ ಅಲ್ಲ. "ಕನ್ನಡ" ಅಂತ ಬರೆದಿದ್ದರೆ ಒಳಗೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಹಣದ ಗುರುತು, ಹೀಗೆ ಇರುತ್ತದೆ. ನುಡಿ ಫಾಂಟ್ ಅದಕ್ಕೆ ಕನ್ನಡದ ಬಟ್ಟೆ ಹಾಕಿ ತೋರಿಸುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚಿದ ಹಾಗೆ ಕಾಣುತ್ತದೆ, ಜನ ಫೈಲ್ ಹಾಳಾಯಿತು ಅಂತ ಹೆದರುತ್ತಾರೆ. ಹಾಳಾಗಿರುವುದಿಲ್ಲ. ವಿಂಡೋಸ್‌ನಿಂದ ನುಡಿಯ ಫಾಂಟುಗಳನ್ನು ಕಾಪಿ ಮಾಡಿ ಲಿನಕ್ಸ್‌ನಲ್ಲಿ ಹಾಕಿ, ವರ್ಡ್ ಥರದ ಲಿಬ್ರೆ ಆಫೀಸ್‌ನಲ್ಲಿ ತೆರೆಯಿರಿ, ಓದಬಹುದು. ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ, ಅಂದರೆ ಒಳಗೂ ಕನ್ನಡ ಅಕ್ಷರವೇ ಉಳಿಯುವ ಪದ್ಧತಿಗೆ, ತಿರುಗಿಸಿ. ಇದನ್ನು 11 ಹಾಕಿದರೂ ಮಾಡಬೇಕು ಅಂತ ನನ್ನ ಒತ್ತಾಯ. ಪ್ರಸಂಗದ ಪದ್ಯ ಹುಡುಕಿದರೆ ಸಿಗಬೇಕು, ಮೊಬೈಲಿನಲ್ಲಿ ಓದಲಿಕ್ಕೆ ಬರಬೇಕು. ಆಸ್ಕಿಯಲ್ಲಿ ಅದು ಆಗುವುದಿಲ್ಲ.

ಬೈಕಂಪಾಡಿ ರಿಪೇರಿ:
ಅದು ಸರಿ. ಆದರೆ ಪ್ರೆಸ್ಸಿನವರು? ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡುವವರು ಈಗಲೂ ನುಡಿ ಆಸ್ಕಿಯಲ್ಲೇ ಕೊಡಿ ಅಂತಾರೆ. ಪುಸ್ತಕ ಮಾಡಿಸುವ ಆಲೋಚನೆ ಇದ್ದರೆ ವಿಂಡೋಸ್ ಬೇಕೇ ಬೇಕು. ಪ್ರಿಂಟರ್ ಯಾವುದು ಅಂತಲೂ ಕೇಳಿ. ಕೆಲವು ಹಳೇ ಲೇಸರ್ ಪ್ರಿಂಟರ್ ಲಿನಕ್ಸ್‌ನಲ್ಲಿ ತುಂಬ ಕಾಡಿಸುತ್ತವೆ.

ಸುರತ್ಕಲ್ ಅಕ್ಕ:
ಹಳೇ ಹಾರ್ಡ್ ಡಿಸ್ಕನ್ನು ಬಿಸಾಡದೆ ಹಾಗೇ ಇಟ್ಟರೆ ಆಯಿತಲ್ವಾ. ಪ್ರೆಸ್ಸಿಗೆ ಕೊಡುವ ದಿನ ಅದರಿಂದ ವಿಂಡೋಸ್ 10 ತೆರೆಯಲಿ, ಇಂಟರ್ನೆಟ್ ತಂತಿ ಕಿತ್ತು.

ಮಣಿಪಾಲ ಗುಡ್ಡ:
ಇದು ಚೆನ್ನಾಗಿದೆ. ಮಿಂಟ್ ಹಾಕುವಾಗ ಹಳೇ ಡಿಸ್ಕಿನ ತಂತಿ ಕಳಚಿಡಿ, ತಪ್ಪಿಯೂ ಅದರ ಮೇಲೆ ಬರೆಯಬಾರದು. ಅದಕ್ಕೂ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದು ಅಪ್ಪನನ್ನು ಕೂರಿಸಿ. ಡಿಸ್ಕ್ ಮುಟ್ಟದೆ ನಡೆಯುತ್ತದೆ.

ಕಾಪು ಕಡಲು:
ಎಲ್ಲರಿಗೂ ಹೇಳಬೇಕು ಅಂತ ಬಂದೆ. ಶನಿವಾರ ಸೆಲ್ ಹಾಕಿದೆ, ಗಡಿಯಾರ ಸರಿಯಾಯಿತು. ಬಾಕ್ಸಿನ ಒಳಗೆ ಇರುವೆ ಗೂಡು ಇತ್ತು, ಮಣ್ಣಿನ ಸಮೇತ. ರ‍್ಯಾಮ್ ಉಜ್ಜಿದಾಗ ರಬ್ಬರ್ ಕಪ್ಪಾಯಿತು. ಪೆನ್‌ಡ್ರೈವ್‌ನಿಂದ ಮಿಂಟ್ ತೆರೆದು ಕಗಪ ಹಾಕಿ ಕೊಟ್ಟೆ. ಅಪ್ಪ ಕನ್ನಡಕ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಪರದೆ ನೋಡಿದರು. ಆಮೇಲೆ ಒಂದು ಭಾಮಿನಿ ಷಟ್ಪದಿ ಪೂರ್ತಿ ಟೈಪ್ ಮಾಡಿದರು, ಒಂದು ಒತ್ತಕ್ಷರವೂ ತಪ್ಪಲಿಲ್ಲ. ಫಾಂಟ್ ಹಾಕಿದ ಮೇಲೆ ಹಳೇ ಪ್ರಸಂಗವೂ ತೆರೆಯಿತು, ಒಂದೆರಡು ಕಡೆ ತಾಳದ ಹೆಸರು ಸಾಲು ತಪ್ಪಿದೆ ಅಷ್ಟೇ. ಪ್ರಿಂಟರ್ ನೋಡಿಲ್ಲ ಇನ್ನೂ, ಬೈಕಂಪಾಡಿಯವರ ಮಾತು ನೆನಪಿದೆ.

ಬೈಕಂಪಾಡಿ ರಿಪೇರಿ:
ಅವರಿಗೆ ಹಿಡಿಸಿತಲ್ಲ, ಸಂತೋಷ. ನಾನಾಗಿದ್ದರೆ ಈಗಲೂ 11 ಹಾಕುತ್ತಿದ್ದೆ. ಪ್ರಿಂಟರಿನ ಮಾಡೆಲ್ ನಂಬರ್ ಬರೆಯಿರಿ, ನೋಡಿ ಹೇಳುತ್ತೇನೆ.

ಕಾರ್ಕಳ ಮಳೆ:
ಎಸ್‌ಎಸ್‌ಡಿಗೆ ಹಾಕುವ ದಿನ ಯುಪಿಎಸ್ ಸರಿ ಇದೆಯಾ ನೋಡಿಕೊಳ್ಳಿ. ನನ್ನದು ಅರ್ಧದಲ್ಲಿ ಗುಡುಗು ಬಂದು ಕರೆಂಟ್ ಹೋಗಿ ಮೊದಲಿಂದ ಮಾಡಬೇಕಾಯಿತು.

ಕಾಪು ಕಡಲು:
ಯುಪಿಎಸ್ ಬ್ಯಾಟರಿ ನಾಳೆ ತರುತ್ತೇನೆ. ಭಾನುವಾರ ಹಾಕುವುದು. ಅಪ್ಪ ಹದಿನಾಲ್ಕನೇ ಪ್ರಸಂಗದ ಪುಸ್ತಕ ಈಗಲೇ ಮೇಜಿನ ಮೇಲೆ ತಂದಿಟ್ಟಿದ್ದಾರೆ.