ಬಿಸಿಯಾದಾಗ ಮಾತ್ರ ಮೂರನೇ ಗೇರ್ ಕರಕರ ಎನ್ನುತ್ತದೆ: ದೋಷ ಗೇರ್‌ಬಾಕ್ಸಿನದೋ, ಕ್ಲಚ್ಚಿನದೋ?

ಪ್ರಶ್ನೆ

ನನ್ನದು ಆರು ಗೇರುಗಳ ಮ್ಯಾನುಯಲ್ ಸ್ಪೋರ್ಟ್ಸ್ ಕಾರು. ಎಂಜಿನ್ 7,000 ಆರ್‌ಪಿಎಂ ಸಮೀಪಿಸಿದಾಗ ಎರಡರಿಂದ ಮೂರನೇ ಗೇರಿಗೆ ಬೇಗನೆ ಬದಲಿಸಿದರೆ ಕರಕರ ಸದ್ದು ಬರುತ್ತದೆ; ಕೆಲವೊಮ್ಮೆ ಗೇರ್ ಬೀಳುವುದೇ ಇಲ್ಲ. ಬಹಳ ಹೊತ್ತು ಬಿರುಸಾಗಿ ಓಡಿಸಿದ ಮೇಲೆ ಈ ತೊಂದರೆ ಹೆಚ್ಚುತ್ತದೆ, ಆಗ ಕ್ಲಚ್ ಪೆಡಲ್ ಕೂಡ ಮೆತ್ತಗಾದಂತೆ ಅನ್ನಿಸುತ್ತದೆ. ಇದಲ್ಲದೆ ಬೆಳಗ್ಗೆ ತಣ್ಣಗಿರುವಾಗ ಎರಡನೇ ಗೇರ್ ಬಿಗಿಯಾಗಿರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಸರಿಹೋಗುತ್ತದೆ. ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ವರ್ಕ್‌ಶಾಪಿನವರು ಹೇಳಿದ್ದಾರೆ. ಈಗಿನ ಮ್ಯಾನುಯಲ್ ಗೇರ್‌ಬಾಕ್ಸುಗಳು ಇಷ್ಟು ದುರ್ಬಲವೇ? ದಯವಿಟ್ಟು ತಿಳಿಸಿ.

ಉತ್ತರ 1

ನೀವು ಎರಡು ಬೇರೆ ಬೇರೆ ದೂರುಗಳನ್ನು ಒಟ್ಟಿಗೆ ಹೇಳಿದ್ದೀರಿ. ಬೆಳಗಿನ ಬಿಗಿತಕ್ಕೆ ಕಾರಣ ತಣ್ಣಗಿರುವ ಗಟ್ಟಿ ಆಯಿಲ್. ಅದು ಬಿಸಿಯಾಗಿ ತೆಳುವಾದೊಡನೆ ಸರಿಹೋಗುವುದಾದರೆ ಚಿಂತಿಸಬೇಕಾಗಿಲ್ಲ. ಮೂರನೇ ಗೇರಿನ ದೂರಿನಲ್ಲಿ ನನಗೆ ಗೇರ್‌ಬಾಕ್ಸಿಗಿಂತ ಮೊದಲು ಕ್ಲಚ್ಚಿನ ಮೇಲೆ ಅನುಮಾನ ಬರುತ್ತದೆ.

ಎರಡರಿಂದ ಮೂರಕ್ಕೆ ಹೋಗುವಾಗ ಸಿಂಕ್ರೊ ರಿಂಗು (ಗೇರುಗಳ ವೇಗವನ್ನು ಸರಿಹೊಂದಿಸುವ ಬಳೆ) ಇನ್‌ಪುಟ್ ಶಾಫ್ಟನ್ನೂ (ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಬಲ ತರುವ ದಂಡ) ಅದಕ್ಕೆ ಸೇರಿಕೊಂಡ ಕ್ಲಚ್ ಡಿಸ್ಕನ್ನೂ ಘರ್ಷಣೆಯಿಂದ ನಿಧಾನಿಸಿ, ಹೊಸ ಗೇರಿನ ವೇಗಕ್ಕೆ ತರಬೇಕು. ಆ ಪುಟ್ಟ ರಿಂಗಿಗೆ ಅಷ್ಟು ಕೆಲಸ ಸಾಧ್ಯ. ಆದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಸಂಪೂರ್ಣವಾಗಿ ಬಿಡದಿದ್ದರೆ, ಎಂಜಿನ್ ಅದೇ ಶಾಫ್ಟನ್ನು ಎಳೆಯುತ್ತಲೇ ಇರುತ್ತದೆ. ರಿಂಗು ಎಂಜಿನ್ನಿನೊಂದಿಗೆ ಸೆಣಸಿ ಸೋಲುತ್ತದೆ, ಹಲ್ಲುಗಳು ತಾಗಿ ಸದ್ದು ಬರುತ್ತದೆ. ಆರ್‌ಪಿಎಂ ಹೆಚ್ಚಿದಷ್ಟೂ ತೊಂದರೆ ಹೆಚ್ಚುವುದು ಇದರಿಂದಲೇ.

ಕ್ಲಚ್ ಬಿಸಿಯಲ್ಲಿ ಮಾತ್ರ ಏಕೆ ಪೂರ್ತಿ ಬಿಡುವುದಿಲ್ಲ ಎಂದರೆ, ಅನೇಕ ಕಾರುಗಳಲ್ಲಿ ಸ್ಲೇವ್ ಸಿಲಿಂಡರು (ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಬೆಲ್‌ಹೌಸಿಂಗಿನ, ಅಂದರೆ ಕ್ಲಚ್ಚನ್ನು ಮುಚ್ಚಿರುವ ಕವಚದ ಒಳಗೆ, ಇನ್‌ಪುಟ್ ಶಾಫ್ಟಿನ ಸುತ್ತಲೇ ಕುಳಿತಿರುತ್ತದೆ. ಕ್ಲಚ್ಚಿನ ಬಿಸಿಯೆಲ್ಲ ಅದಕ್ಕೇ ತಟ್ಟುತ್ತದೆ. ಅದರಲ್ಲಿರುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ತೇವ ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಆವಿ ಗುಳ್ಳೆಗಳಾದರೆ ಪೆಡಲ್ ಒತ್ತಿದ ಬಲ ಅವುಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಬ್ರೇಕ್ ಕಡೆಯ ಆಯಿಲನ್ನು ಬದಲಿಸುವವರೂ ಕ್ಲಚ್ ಲೈನನ್ನು ಮರೆಯುತ್ತಾರೆ, ಎರಡಕ್ಕೂ ಒಂದೇ ಡಬ್ಬಿ ಇದ್ದಾಗಲಂತೂ ಮರೆವು ಇನ್ನೂ ಸುಲಭ.

ಪರೀಕ್ಷೆ ಹೀಗೆ ಮಾಡಿ. ಕಾರು ಚೆನ್ನಾಗಿ ಬಿಸಿಯಾದ ಮೇಲೆ, ಮುಂದೆ ಸಾಕಷ್ಟು ಜಾಗವಿರುವ ಸಮತಟ್ಟಾದ ನೆಲದಲ್ಲಿ ಮೊದಲನೇ ಗೇರ್ ಹಾಕಿ, ಬ್ರೇಕ್ ಬಿಟ್ಟು, ಕ್ಲಚ್ ಒತ್ತಿಹಿಡಿದೇ ಇರಿ. ಕಾರು ಮೆಲ್ಲಗೆ ತೆವಳಿದರೆ ಕ್ಲಚ್ ಬಿಡುತ್ತಿಲ್ಲ. ಎಂಜಿನ್ ಆರಿಸಿದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ತಡೆದರೆ ಅದೂ ಅದನ್ನೇ ಹೇಳುತ್ತದೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಗೇರ್ ಆಯಿಲನ್ನೂ ಬಿಡಬೇಡಿ. ಹಿಂದಿನ ಡಿಫರೆನ್ಶಿಯಲ್ಲಿಗೆ (ಎರಡೂ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ) ಹಾಕುವ ಜಿಎಲ್-5 ದರ್ಜೆಯ ಆಯಿಲನ್ನು ಜಿಎಲ್-4 ದರ್ಜೆಯದನ್ನು ಬೇಡುವ ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಹೆಚ್ಚಿದ್ದು, ಅವು ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಸವೆಸಬಹುದು. ಅಲ್ಲದೆ ರಿಂಗಿಗೆ ಬೇಕಾದ ಹಿಡಿತವನ್ನೂ ತಗ್ಗಿಸಬಹುದು. ಮ್ಯಾನುಯಲ್ ಪುಸ್ತಕದಲ್ಲಿ ಬರೆದಿರುವುದನ್ನೇ ಹಾಕಿ. ಹಳೆಯ ಆಯಿಲ್ ಇಳಿಸಿದಾಗ ನುಣುಪಾದ ಚಿನ್ನದ ಬಣ್ಣದ ಮಿನುಗು ಕಂಡರೆ ಸಾಮಾನ್ಯ ಸವೆತ. ಉಕ್ಕಿನ ಚೂರುಗಳು ಸಿಕ್ಕರೆ ಬಿಚ್ಚಲೇಬೇಕು. ಮ್ಯಾಗ್ನೆಟ್ ಸ್ವಚ್ಛವಾಗಿದೆಯೆಂದು ಸಮಾಧಾನಪಡಬೇಡಿ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ.

ದುರ್ಬಲವೇ ಎಂಬ ಪ್ರಶ್ನೆಗೆ ಒಂದು ಮಾತು: ಗೇರುಗಳ ಹಲ್ಲುಗಳಾಗಲಿ ಶಾಫ್ಟುಗಳಾಗಲಿ ಇಂದು ಮೊದಲಿಗಿಂತ ಗಟ್ಟಿಯಾಗಿಯೇ ಇವೆ. 2009ರ ಮಾದರಿಯ ನಿಸ್ಸಾನ್ 370ಜೆಡ್‌ನಲ್ಲಿ ಬಂದ, ಗೇರ್ ಬದಲಿಸುವಾಗ ಎಂಜಿನ್ನಿನ ಆರ್‌ಪಿಎಂ ಅನ್ನು ತಾನಾಗಿ ಹೊಂದಿಸುವ ವ್ಯವಸ್ಥೆ ಈಗ ಬಹಳ ಕಾರುಗಳಲ್ಲಿದೆ, ಆದರೆ ಜನ ಅದರಿಂದ ಸಿಂಕ್ರೊ ಉಳಿಯುತ್ತದೆಂದು ನಂಬಿರುವುದು ಪೂರ್ತಿ ಸರಿಯಲ್ಲ. ಅದು ಎಂಜಿನ್ನಿನ ವೇಗವನ್ನು ಹೊಂದಿಸಿ ಕ್ಲಚ್ಚಿನ ಸವೆತವನ್ನೂ ಎಳೆತವನ್ನೂ ತಗ್ಗಿಸುತ್ತದೆ; ಕ್ಲಚ್ ಒತ್ತಿರುವಾಗ ಇನ್‌ಪುಟ್ ಶಾಫ್ಟಿನ ವೇಗ ಬದಲಿಸುವ ಕೆಲಸ ಆಗಲೂ ರಿಂಗಿನದೇ. ಐದರ ಬದಲು ತಪ್ಪಾಗಿ ಮೂರಕ್ಕೆ ಹಾಕಿದರೂ ಅದು ಕಾಪಾಡುವುದಿಲ್ಲ, ಏಕೆಂದರೆ ಎಂಜಿನ್ ಮಿತಿ ಮೀರಿ ತಿರುಗದಂತೆ ನೋಡಿಕೊಳ್ಳುವ ಲಿಮಿಟರ್ ಕೂಡ ಇಂಧನವನ್ನು ನಿಲ್ಲಿಸಬಲ್ಲದು, ಚಕ್ರಗಳು ಎಂಜಿನ್ನನ್ನು ತಿರುಗಿಸುವುದನ್ನು ತಡೆಯಲಾರದು.

ಪ್ರಶ್ನೆ ಕೇಳಿದವರು

ಬಿಸಿಯಾದ ಮೇಲೆ ಕಾರು ನಿಜಕ್ಕೂ ತೆವಳಿತು. ಕ್ಲಚ್ ಲೈನಿನಿಂದ ಬಂದ ಆಯಿಲ್ ಕಪ್ಪಾಗಿತ್ತು. ಹೊಸದನ್ನು ಹಾಕಿ ಗಾಳಿ ತೆಗೆಸಿದಾಗ ಅರ್ಧ ಗುಣವಾಯಿತು, ಆದರೆ ಬೆಲ್‌ಹೌಸಿಂಗಿನ ಕೆಳಗೆ ತೇವ ಕಂಡದ್ದರಿಂದ ಗೇರ್‌ಬಾಕ್ಸ್ ಇಳಿಸಿ ಸ್ಲೇವ್ ಸಿಲಿಂಡರನ್ನೂ, ಹೇಗೂ ಬಿಚ್ಚಿದ್ದರಿಂದ ಕ್ಲಚ್ ಡಿಸ್ಕನ್ನೂ ಬದಲಿಸಿಕೊಂಡೆ. ಗೇರ್ ಆಯಿಲಿನಲ್ಲಿ ಚೂರುಗಳಿರಲಿಲ್ಲ. ಈಗ ಕರಕರ ಇಲ್ಲ; ಆರ್‌ಪಿಎಂ ತೀರಾ ಮೇಲಿರುವಾಗ ಮೂರನೇ ಗೇರ್ ಕ್ಷಣಮಾತ್ರ ತಡೆದು ಬೀಳುತ್ತದೆ.

ಉತ್ತರ 1

ಆ ಉಳಿದ ತಡೆ, ಇಷ್ಟು ದಿನ ಕ್ಲಚ್ಚಿನೊಂದಿಗೆ ಸೆಣಸಿ ಸವೆದ ರಿಂಗಿನದು. ಅಷ್ಟಕ್ಕೇ ಗೇರ್‌ಬಾಕ್ಸ್ ಬಿಚ್ಚಬೇಕಾಗಿಲ್ಲ. ಮೂರಕ್ಕೆ ಹೋಗುವಾಗ ಕೈ ಸ್ವಲ್ಪ ನಿಧಾನಿಸಿದರೆ ಸಾಕು. ಹಾಕಿದ ಗೇರ್ ತಾನಾಗಿ ಹೊರಬರಲಾರಂಭಿಸಿದರೆ, ಅಥವಾ ನ್ಯೂಟ್ರಲ್‌ನಲ್ಲಿ ಬರುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ತಡಮಾಡಬೇಡಿ: ಎರಡನೆಯದು ಇನ್‌ಪುಟ್ ಶಾಫ್ಟಿನ ಬೇರಿಂಗಿನ ಲಕ್ಷಣ. ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗಿನದು, ಗೇರ್‌ಬಾಕ್ಸಿನ ಒಳಗಿನದಲ್ಲ.