‘ಡಾಮಿನೆಂಟ್ ಅಗ್ರೆಸರ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡದ ಹೆಣ್ಣುಮಕ್ಕಳಿಗಾಗಿ ಕೌಟುಂಬಿಕ ದೌರ್ಜನ್ಯದ ಕುರಿತ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು. ಆ ರಾಜ್ಯದ ದಂಡ ಸಂಹಿತೆಯ 13701ನೆಯ ಕಲಮಿನ ಪ್ರಕಾರ ಪೊಲೀಸ್ ಇಲಾಖೆಗಳು, ಗಂಡಹೆಂಡಿರಿಬ್ಬರನ್ನೂ ದಸ್ತಗಿರಿ ಮಾಡುವುದನ್ನು ನಿಷೇಧಿಸದಿದ್ದರೂ ಅದಕ್ಕೆ ಉತ್ತೇಜನ ಕೊಡದೆ, ‘ಡಾಮಿನೆಂಟ್ ಅಗ್ರೆಸರ್’ ಯಾರೆಂದು ಗುರುತಿಸಲು ಯತ್ನಿಸಬೇಕು. ನನ್ನ ಕರಡಿನಲ್ಲಿ ‘ಪ್ರಬಲ ಆಕ್ರಮಣಕಾರ’ ಎಂದಿದೆ. ಇದಕ್ಕಿಂತ ತಕ್ಕ ಪದವಿದೆಯೇ?

ಉತ್ತರ 1

‘ಪ್ರಬಲ’ ಬೇಡ, ಅದು ತೋಳ್ಬಲದ ಮಾತು. ‘ಹಲ್ಲೆಕೋರ’ ಎಂದು ಯಾರೂ ಸೂಚಿಸದಿರಲಿ: ‘ಕೋರ’ ಎಂದರೆ ಫಾರಸಿಯಲ್ಲಿ ತಿನ್ನುವವನು, ಲಂಚವನ್ನು ತಿನ್ನಬಹುದು, ಹಲ್ಲೆಯನ್ನು ತಿನ್ನಲಾಗದು. ‘ಮೇಲೆಬಿದ್ದವರು’ ಎಂಬ ಅಚ್ಚಗನ್ನಡದ ಮಾತಿರುವಾಗ ಎರವಲು ಏಕೆ?

ಉತ್ತರ 2

‘ಮೇಲೆಬಿದ್ದವರು’ ಸಲ್ಲದು. ಮೊದಲು ಮೇಲೆಬಿದ್ದವರು ಯಾರು ಎಂಬ ಪ್ರಶ್ನೆಯನ್ನೇ ಆ ಪದ ಎಬ್ಬಿಸುತ್ತದೆ. ಕಾನೂನು ಬದಿಗಿಟ್ಟಿರುವುದು ಅದನ್ನೇ. ಹಿಂದಿನ ಹಿಂಸೆಯ ಇತಿಹಾಸ, ಭಯ ಹುಟ್ಟಿಸಿದ ಬೆದರಿಕೆ, ಆತ್ಮರಕ್ಷಣೆಗಾಗಿ ಕೈ ಎತ್ತಿದವರು ಯಾರು ಎಂಬುದನ್ನೆಲ್ಲ ಅಧಿಕಾರಿ ತೂಗಿ ನೋಡಬೇಕು. ಕತ್ತು ಹಿಸುಕುತ್ತಿದ್ದ ಕೈಯನ್ನು ಕಚ್ಚಿ ಬಿಡಿಸಿಕೊಂಡವಳ ಹಲ್ಲಿನ ಗುರುತು ಗಂಡನ ತೋಳಿನಲ್ಲಿ ಎದ್ದು ಕಾಣುತ್ತದೆ, ಹಿಸುಕಿದ ಗುರುತು ಅವಳ ಕತ್ತಿನಲ್ಲಿ ಮೂಡದೆಯೂ ಇರಬಹುದು. ಅಂಥವಳು ಕರಪತ್ರ ಓದಿ, ತಾನೇ ‘ಮೇಲೆಬಿದ್ದವಳು’ ಎಂದು ತಿಳಿದು ಬಾಯಿ ಮುಚ್ಚಿಕೊಳ್ಳಬಾರದು.

‘ಕೋರ’ದ ಮೂಲಾರ್ಥ ಇಲ್ಲಿ ಅಪ್ರಸ್ತುತ, ದರೋಡೆಕೋರನೂ ದರೋಡೆಯನ್ನು ತಿನ್ನುವುದಿಲ್ಲ. ಎರವಲನ್ನೇ ಒಲ್ಲೆವೆನ್ನುವವರು, ಫಾರಸಿಯಿಂದಲೇ ಬಂದ ‘ದಸ್ತಗಿರಿ’ಯನ್ನು ಮೇಲೆ ಏಕೆ ಬಿಟ್ಟರೋ ತಿಳಿಯದು. ಆದರೂ ‘ಹಲ್ಲೆಕೋರ’ ನನಗೆ ಬೇಡ, ಏಕೆಂದರೆ ಅದು ಅಪರಾಧಿಯೆಂದು ತೀರ್ಪಿತ್ತಂತೆ ಕೇಳಿಸುತ್ತದೆ. ಪೊಲೀಸರ ದಸ್ತಗಿರಿಗೆ ಬೇಕಾದದ್ದು ನಂಬಲು ತಕ್ಕ ಕಾರಣವಷ್ಟೆ. ‘ಹಲ್ಲೆಯಲ್ಲಿ ಪ್ರಧಾನ ಪಾತ್ರ ವಹಿಸಿದವರು, ಮೊದಲು ಕೈ ಎತ್ತಿದವರೇ ಆಗಿರಬೇಕಿಲ್ಲ’ ಎಂದು ಬಿಡಿಸಿ ಬರೆಯಿರಿ. ‘ಆಕ್ರಮಣಕಾರ’ದಲ್ಲಿರುವ ಪುಲ್ಲಿಂಗದ ತೊಡಕೂ ಇದರಿಂದ ತಪ್ಪುತ್ತದೆ. ಮೂಲ ಪದವನ್ನು ಕನ್ನಡ ಲಿಪಿಯಲ್ಲಿ ಪಕ್ಕದಲ್ಲೇ ಇಡಿ. ಬಾಗಿಲಲ್ಲಿ ನಿಂತ ಅಧಿಕಾರಿಯ ಬಾಯಿಂದ ಅವಳು ಕೇಳುವುದು ಅದನ್ನೇ.

ಇನ್ನೊಂದು ಮಾತು. ತಮ್ಮ ವಿರುದ್ಧ ನ್ಯಾಯಾಲಯ ಹೊರಡಿಸಿದ ರಕ್ಷಣಾ ಆದೇಶದ ಅರಿವಿದ್ದೂ ಒಬ್ಬರು ಅದನ್ನು ಮುರಿದರೆಂದು ನಂಬಲು ಕಾರಣವಿದ್ದರೆ, ಅದೇ ಸಂಹಿತೆಯ 836ನೆಯ ಕಲಮು ಅಧಿಕಾರಿಗೆ ಆಯ್ಕೆ ಉಳಿಸುವುದಿಲ್ಲ. ಅಲ್ಲಿ ‘ದಸ್ತಗಿರಿ ಮಾಡಬಹುದು’ ಎಂದು ಬರೆಯದೆ ‘ಮಾಡತಕ್ಕದ್ದು’ ಎಂದೇ ಬರೆಯಿರಿ.