ಹೈಸ್ಕೂಲ್ ಮಕ್ಕಳಿಗೆ ಕರಾರು ಕಾನೂನಿನ ‘ಪ್ರತಿಫಲ’ ಹೇಳಿಕೊಡುವುದು ಹೇಗೆ?

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ 45 ನಿಮಿಷದ ಒಂದೇ ಪೀರಿಯಡ್‌ನಲ್ಲಿ ಪ್ರತಿಫಲ ಅಂದರೇನು ಅಂತ ಹೇಳಿಕೊಡಬೇಕಿದೆ. ಪ್ರಸ್ತಾಪ, ಒಪ್ಪಿಗೆ ಮುಗಿದಿವೆ. ವ್ಯಾಖ್ಯಾನ ಬಾಯಿಪಾಠ ಆಗುತ್ತದೆ, ಹೊಸ ಸಂದರ್ಭ ಕೊಟ್ಟರೆ ಮಾತ್ರ ಉತ್ತರ ತಪ್ಪುತ್ತದೆ. ಎಲ್ಲಿಂದ ಶುರು ಮಾಡಲಿ? ಮಕ್ಕಳು ಎಡವುವುದು ಎಲ್ಲಿ? ಈ ಪಾಠ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಮೊದಲ ತೊಡಕು ಪದದಲ್ಲೇ ಇದೆ ಮೇಡಂ. ‘ದುಡಿಮೆಗೆ ತಕ್ಕ ಪ್ರತಿಫಲ’ ಅನ್ನುವ ಮಾತು ಮಕ್ಕಳ ಕಿವಿಯಲ್ಲಿ ಕೂತಿರುತ್ತದೆ. ಹಾಗಾಗಿ ಕೆಲಸ ಆದಮೇಲೆ ಸಿಗುವ ಬಹುಮಾನವೇ ಪ್ರತಿಫಲ ಅಂದುಕೊಳ್ಳುತ್ತಾರೆ. ಕಾನೂನಿನಲ್ಲಿ ಅದು ಒಬ್ಬರು ಕೊಡುವ ಮಾತಿಗೆ ಇನ್ನೊಬ್ಬರು ತೆರುವ ಬೆಲೆ. ದುಡ್ಡೇ ಆಗಬೇಕಿಲ್ಲ, ವಸ್ತು, ಕೆಲಸ, ಏನನ್ನಾದರೂ ಮಾಡದೆ ಬಿಡುವುದು, ತಿರುಗಿ ಕೊಟ್ಟ ಮಾತು, ಯಾವುದೂ ಆದೀತು. ಬೋರ್ಡಿನ ಮೇಲೆ ಮೊದಲು ‘ಮಾತಿನ ಬೆಲೆ’ ಅಂತ ಬರೆಯಿರಿ. ಹದಿನೈದು ನಿಮಿಷ ಅದರಲ್ಲೇ ನಡೆಸಿ, ಆಮೇಲೆ ಕಾನೂನಿನ ಪದ ಕೊಡಿ.

ಉತ್ತರ: ಮೂರು ಚೀಟಿ ಬರೆದುಕೊಳ್ಳಿ, ಇಬ್ಬರು ಮಕ್ಕಳಿಂದ ಓದಿಸಿ.

ಒಂದು: ‘ನನ್ನ ಹಳೇ ಸೈಕಲ್ ನಾಳೆ ನಿಮಗೆ ಕೊಡ್ತೀನಿ.’ ‘ಸಂತೋಷ, ತಗೋತೀನಿ.’
ಎರಡು: ‘ನಿಮ್ಮ ರೇಡಿಯೊ ಕೊಟ್ಟರೆ ನನ್ನ ಸೈಕಲ್ ಕೊಡ್ತೀನಿ.’ ‘ಆಯ್ತು, ನಾಳೆ ತರ್ತೀನಿ.’
ಮೂರು: ‘ಹೋದ ವಾರ ನಮ್ಮ ಗೋಡೆಗೆ ಬಣ್ಣ ಹೊಡೆದುಕೊಟ್ಟಿರಲ್ಲ, ಅದಕ್ಕೆ ಸೈಕಲ್ ಕೊಡ್ತೀನಿ.’

ಪ್ರತಿ ಸಲವೂ ಕೇಳಬೇಕಾದ್ದು ಒಂದೇ: ಸೈಕಲ್ ಕೊಡದೆ ಕೈ ಎತ್ತಿದರೆ ಕೋರ್ಟು ಕೊಡಿಸುತ್ತದೆಯೇ? ಬೋರ್ಡಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಮಾತು ಕೊಟ್ಟವರು ಯಾರು, ಬದಲಿಗೆ ಏನು ಕೇಳಿದರು, ಏನು ಸಿಕ್ಕಿತು, ಯಾವಾಗ. ಮೊದಲ ಚೀಟಿಗೆ ಎರಡನೇ ಕಾಲಂ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ಮಕ್ಕಳು ಕಣ್ಣಾರೆ ನೋಡಬೇಕು, ತುಂಬಲು ಅವಸರ ಮಾಡಬೇಡಿ. ಎರಡನೆಯದರಲ್ಲಿ ‘ರೇಡಿಯೊ ಇನ್ನೂ ಕೊಟ್ಟೇ ಇಲ್ಲವಲ್ಲ’ ಅನ್ನುತ್ತಾರೆ. ಮಾತಿಗೆ ಮಾತೂ ಬೆಲೆಯೇ ಅಂತ ಅಲ್ಲೇ ಬಿಡಿಸಿ ಹೇಳಿ.

ಓದುವ ಇಬ್ಬರೂ ಪರಿಚಯವಿಲ್ಲದ ದೊಡ್ಡವರು ಅಂತ ಮೊದಲೇ ಗೊತ್ತು ಮಾಡಿ. ಗೆಳೆಯರು ಅಂದರೆ, ಕಾನೂನಿಗೆ ಕಟ್ಟುಬೀಳುವ ಉದ್ದೇಶ ಇತ್ತೇ ಎಂಬ ಬೇರೆ ಪ್ರಶ್ನೆ ನುಗ್ಗುತ್ತದೆ. ಮಕ್ಕಳು ಅಂದರೆ ‘ನಮಗಿನ್ನೂ ವಯಸ್ಸಾಗಿಲ್ಲ, ಕರಾರು ನಡೆಯಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳುವುದು ಸರಿ, ಆದರೆ ಪ್ರತಿಫಲದ ಪಾಠ ಅಲ್ಲಿಗೆ ಕೈತಪ್ಪುತ್ತದೆ.

ಉತ್ತರ: ಮೇಲಿನ ಮೂರನೇ ಚೀಟಿಗೆ ಒಂದು ತಿದ್ದುಪಡಿ ಬೇಕು. ಬಣ್ಣ ಹೊಡೆಯಲು ಮನೆಯವರು ಕೇಳಿಕೊಂಡಿದ್ದರೋ, ಇವರೇ ತಾವಾಗಿ ಹೊಡೆದರೋ ಎಂಬುದು ಚೀಟಿಯಲ್ಲೇ ಇರಬೇಕು. ಉತ್ತರ ನಿಂತಿರುವುದೇ ಅದರ ಮೇಲೆ. ಇಂಗ್ಲಿಷ್ ಕಾನೂನಿನಲ್ಲಿ ಮುಗಿದುಹೋದ ಕೆಲಸ ಹೊಸ ಮಾತಿಗೆ ಬೆಲೆಯಾಗದು. 1842ರ ರಾಸ್ಕೊರ್ಲಾ–ಥಾಮಸ್ ಮೊಕದ್ದಮೆ ತೆಗೆದುಕೊಳ್ಳಿ: ಕುದುರೆ ಮಾರಾಟ ಮುಗಿದ ಮೇಲೆ ಮಾರಿದವನು ‘ಇದಕ್ಕೆ ಯಾವ ಕೆಟ್ಟ ಚಾಳಿಯೂ ಇಲ್ಲ’ ಎಂದು ಭರವಸೆ ಕೊಟ್ಟ. ಕುದುರೆ ಪುಂಡಾಗಿತ್ತು. ಆ ಭರವಸೆಗೆಂದು ಕೊಂಡವನು ಹೊಸದಾಗಿ ಏನೂ ಕೊಟ್ಟಿರಲಿಲ್ಲ, ಸೋತ. ಕೇಳಿಕೊಂಡು ಮಾಡಿಸಿದ್ದು, ಹಣ ಕೊಡಬೇಕಾಗುತ್ತದೆ ಎಂದು ಇಬ್ಬರಿಗೂ ಆಗಲೇ ಗೊತ್ತಿದ್ದರೆ ಮಾತ್ರ ವಿನಾಯಿತಿ.

ಭಾರತದ 1872ರ ಕರಾರು ಕಾಯ್ದೆ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಮಾತು ಕೊಟ್ಟವರ ಇಚ್ಛೆಯಂತೆ ಹಿಂದೆ ಮಾಡಿದ ಕೆಲಸವೂ ಸೆಕ್ಷನ್ 2(ಡಿ) ಪ್ರಕಾರ ಪ್ರತಿಫಲವೇ. ತಾವಾಗಿ ಮಾಡಿಕೊಟ್ಟ ಕೆಲಸಕ್ಕೆ ಆಮೇಲೆ ಕೊಟ್ಟ ಮಾತನ್ನು ಸೆಕ್ಷನ್ 25(2) ಕಾಯುತ್ತದೆ. ಯಾವ ಕಾನೂನಿನ ಪಾಠ ಎಂದು ಬೋರ್ಡಿನ ಮೂಲೆಯಲ್ಲಿ ಬರೆದೇ ಶುರು ಮಾಡಿ. ಎರಡನ್ನೂ ಬೆರೆಸಿದ ನೋಟ್ಸ್‌ನಿಂದ ಓದಿದ ಮಕ್ಕಳಿಗೆ ಏನು ಬರೆದರೂ ತಪ್ಪಾಗುತ್ತದೆ, ಅದು ಅನ್ಯಾಯ.

ಉತ್ತರ: ಎಡವುವ ಇನ್ನೊಂದು ಜಾಗ, ‘ಬೆಲೆ ಸಮನಾಗಿಲ್ಲ, ಹಾಗಾಗಿ ಕರಾರು ಬಿದ್ದುಹೋಗುತ್ತದೆ’ ಅನ್ನುವುದು. ಬೆಲೆ ಇದೆಯೇ ಎಂದಷ್ಟೇ ಕೋರ್ಟು ನೋಡುತ್ತದೆ, ಸಾಲುತ್ತದೆಯೇ ಎಂದಲ್ಲ. 1872ರ ಕಾಯ್ದೆಯ ಉದಾಹರಣೆಯಲ್ಲೇ 1,000 ರೂಪಾಯಿಯ ಕುದುರೆಯನ್ನು 10 ರೂಪಾಯಿಗೆ ಮಾರಲು ಒಪ್ಪಿದ ಕರಾರು ನಿಲ್ಲುತ್ತದೆ, ಒಪ್ಪಿಗೆ ಸ್ವಇಚ್ಛೆಯಿಂದ ಬಂದಿದ್ದರೆ. ಚಾಪೆಲ್–ನೆಸ್ಲೆ ಮೊಕದ್ದಮೆಯನ್ನಂತೂ ಬಿಡಬೇಡಿ. ಒಂದಿಷ್ಟು ಹಣದ ಜೊತೆ ಮೂರು ಚಾಕೊಲೇಟ್ ಕಾಗದ ಕಳಿಸಿದರೆ ಹಾಡಿನ ರೆಕಾರ್ಡ್. ಬಂದ ಕಾಗದವನ್ನು ಕಂಪನಿ ಎಸೆಯುತ್ತಿತ್ತು, ಆದರೂ ಅದು ಪ್ರತಿಫಲದ ಭಾಗ ಎಂದೇ ತೀರ್ಪಾಯಿತು. ಕೈಯಲ್ಲಿ ಖಾಲಿ ಕಾಗದ ಹಿಡಿದು ಇದನ್ನು ಹೇಳಿದರೆ ಕೊನೇ ಬೆಂಚಿಗೂ ತಲುಪುತ್ತದೆ.

ಷರತ್ತನ್ನೂ ಪ್ರತಿಫಲವನ್ನೂ ಒಂದೇ ಅಂದುಕೊಳ್ಳದಂತೆ ನೋಡಿಕೊಳ್ಳಿ. ‘ನಾಳೆ ಮಳೆ ಬಂದರೆ ನನ್ನ ಕೊಡೆ ಕೊಡ್ತೀನಿ’ ಎಂಬಲ್ಲಿ ಮಳೆ ಬರೀ ಷರತ್ತು, ಎದುರಿನವರು ಕೊಟ್ಟದ್ದೇನೂ ಇಲ್ಲ.

ಉತ್ತರ: ಕೊನೆಯ ಹತ್ತು ನಿಮಿಷಕ್ಕೆ ಇಂಗ್ಲಿಷ್ ಕಾನೂನಿನ ಎರಡು ಹಡಗಿನ ಮೊಕದ್ದಮೆ ಕೊಡಿ. 1809ರ ಸ್ಟಿಲ್ಕ್–ಮೈರಿಕ್: ಇಬ್ಬರು ನಾವಿಕರು ಓಡಿಹೋದರು, ಅವರ ಸಂಬಳ ಹಂಚುತ್ತೇನೆಂದು ಕ್ಯಾಪ್ಟನ್ ಉಳಿದವರಿಗೆ ಮಾತು ಕೊಟ್ಟ, ಕೊಡಲಿಲ್ಲ. 1857ರ ಹಾರ್ಟ್ಲಿ–ಪಾನ್ಸನ್‌ಬಿ: ಅಲ್ಲಿಯೂ ಹೆಚ್ಚಿನ ಹಣದ ಮಾತು, ಆದರೆ ಜನ ಎಷ್ಟು ಕಡಿಮೆಯಾದರೆಂದರೆ ಯಾನವೇ ಅಪಾಯವಾಗಿತ್ತು. ತೀರ್ಪು ಹೇಳದೆ ಗುಂಪುಗಳಿಗೆ ಬಿಡಿ. ಮೊದಲನೆಯವರು ಮಾಡಬೇಕಿದ್ದ ಕೆಲಸವನ್ನೇ ಮಾಡಿದರು, ಸೋತರು. ಎರಡನೆಯವರ ಮೇಲೆ ಆ ಯಾನದ ಕಟ್ಟು ಇರಲಿಲ್ಲ, ಗೆದ್ದರು.

ಹೋಗುವ ಮುನ್ನ ಚೀಟಿಯಲ್ಲಿ ಉತ್ತರ ಬರೆಸಿ. ಅಮೆರಿಕದ 1891ರ ಹೇಮರ್–ಸಿಡ್‌ವೇ ಮೊಕದ್ದಮೆ: 21 ತುಂಬುವವರೆಗೆ ಕುಡಿತ, ತಂಬಾಕು, ಬೈಗುಳ, ಹಣ ಕಟ್ಟಿ ಆಡುವ ಇಸ್ಪೀಟು–ಬಿಲಿಯರ್ಡ್ಸ್ ಬಿಟ್ಟರೆ 5,000 ಡಾಲರ್ ಎಂದು ಸೋದರನ ಮಗನಿಗೆ ಒಬ್ಬ ಮಾತು ಕೊಟ್ಟ. ಹುಡುಗ ಬಿಟ್ಟ. ಪ್ರತಿಫಲ ಇದೆಯೇ? ಇದೆ, ತನಗಿದ್ದ ಹಕ್ಕನ್ನು ಬಿಟ್ಟುಕೊಟ್ಟ. ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಿ: ‘ಕದಿಯದೆ ಇದ್ದರೆ 5,000 ಡಾಲರ್.’ ಎರಡಕ್ಕೂ ‘ಇದೆ’ ಎಂದು ಬರೆದವರಿಗೆ ಮುಂದಿನ ಪೀರಿಯಡ್‌ನಲ್ಲಿ ಹಡಗಿನ ಪಾಠ ಇನ್ನೊಮ್ಮೆ ಬೇಕು.